ಒಂಟಿ ಚಪ್ಪಲಿ, ನಾಲ್ಕು ಮರಿ

ಕೇಳುಗರಿಗೆ ನಮಸ್ಕಾರ. ಕಾರವಾರದಲ್ಲಿ ಕೂತು ಮಾತಾಡುತ್ತಿದ್ದೇನೆ, ಹೊರಗೆ ಪುನರ್ವಸು ಮಳೆ ಹೊಯ್ಯುತ್ತಿದೆ. ನಡುವೆ ಸದ್ದು ಕೇಳಿದರೆ ಅದು ನಿಮ್ಮ ರೇಡಿಯೋದ ದೋಷ ಅಲ್ಲ.

ಹದಿನೈದು ದಿನದ ಹಿಂದೆ ಶಿರಸಿ ಕಡೆಯಿಂದ ನನ್ನ ಅಕ್ಕನ ಮಗಳು ವಾಟ್ಸಾಪಿನಲ್ಲಿ ಒಂದು ಕವಿತೆ ಕಳಿಸಿದಳು. ಅವಳ ಅಪ್ಪನ ತಾಯಿ ಈ ಬೇಸಿಗೆಯಲ್ಲಿ ತೀರಿಕೊಂಡರು, ಕವಿತೆ ಆ ಅಜ್ಜಿಯ ಮೇಲೆ. ಅದರಲ್ಲಿ ಸಮುದ್ರ ಅಳುತ್ತದೆ, ಆಕಾಶ ಅಳುತ್ತದೆ, ತೋಟದ ಅಡಿಕೆ ಮರಗಳೂ ಅಳುತ್ತವೆ, ಕೊನೆಗೆ ಅವಳೂ ಅಳುತ್ತಾಳೆ. ಓದಿದ ನನಗೆ ಮಾತ್ರ ಅಳು ಬರಲಿಲ್ಲ. ಹುಡುಗಿಯ ದುಃಖ ನಿಜ. ಅಜ್ಜಿ ಮೊಮ್ಮಗಳ ಜಗಳ, ಮುದ್ದು ಎರಡನ್ನೂ ಕಣ್ಣಾರೆ ಕಂಡವನು ನಾನು. ಆದರೂ ಏನೋ ಹತ್ತಲಿಲ್ಲ. ಹಾಗಂತ ಅವಳಿಗೆ ಹೇಳುವುದು ಹೇಗೆ? ‘ಒಮ್ಮೆ ದೇವಿಮನೆ ಘಟ್ಟ ಇಳಿದು ಬಾ, ಸಮುದ್ರ ತೋರಿಸ್ತೇನೆ’ ಅಂದೆ.

ಬಂದಳು. ದಂಡೆಗೆ ಕರೆದುಕೊಂಡು ಹೋದೆ. ಈಗ ಮೀನುಗಾರಿಕೆಗೆ ರಜೆ, ಗೊತ್ತಲ್ಲ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಸಣ್ಣ ದೋಣಿಗಳನ್ನೂ ಮರಳಿನ ಮೇಲೆ ಎಳೆದು ಮಡಲಿನ, ಅಂದರೆ ಹೆಣೆದ ತೆಂಗಿನ ಗರಿಯ, ಹೊದಿಕೆ ಹಾಕಿ ಮಲಗಿಸಿದ್ದಾರೆ. ಅಲ್ಲೇ ನಿಂತು, ಕೊಡೆ ಹಾರಿ ಹೋಗದಂತೆ ಹಿಡಿದುಕೊಂಡು, ಅವಳಿಗೆ ಎರಡು ಸಾಲು ಕಟ್ಟಿ ಹೇಳಿದೆ. ನಾನೇನು ಕವಿಯಲ್ಲ, ಸುಮ್ನೆ ಕೇಳಿ:

ದಡಕ್ಕೆಳೆದ ದೋಣಿ, ಮೇಲೆ ಮಡಲಿನ ಹೊದಿಕೆ,
ಒಳಗೆ ನಿಂತ ಮಳೆನೀರಲ್ಲಿ ಒಂಟಿ ಚಪ್ಪಲಿ.

‘ಅಯ್ಯೋ’ ಅಂದಳು. ಯಾಕೆ ಅಯ್ಯೋ? ಯಾರೂ ಸತ್ತರು ಅಂತ ನಾನು ಹೇಳಿಲ್ಲ. ದುಃಖ ಅನ್ನೋ ಪದವೇ ಇಲ್ಲ. ಇನ್ನೊಂದು ಹೇಳ್ತೇನೆ ಕೇಳು ಅಂದೆ:

ದಡಕ್ಕೆಳೆದ ದೋಣಿ, ಮೇಲೆ ಮಡಲಿನ ಹೊದಿಕೆ,
ಒಳಗೆ ನಾಲ್ಕು ಮರಿ ಹಾಕಿ ಮಲಗಿದೆ ನಾಯಿ.

ನಕ್ಕಳು. ದೋಣಿ ಅದೇ, ಮಡಲೂ ಅದೇ. ಚಪ್ಪಲಿ ತೆಗೆದು ನಾಯಿ ಇಟ್ಟೆ, ಅಷ್ಟೇ. ಮೊದಲನೆಯದರಲ್ಲಿ ದೋಣಿ ಹೆಣದ ಹಾಗೆ ಕಂಡಿತ್ತು, ಎರಡನೆಯದರಲ್ಲಿ ಬಾಣಂತಿ ಕೋಣೆ ಆಯಿತು. ಮೊದಲ ಸಾಲಿನಲ್ಲಿ ಒಂದಕ್ಷರವೂ ಬದಲಾಗದೆ ಅದರ ಅರ್ಥ ಹಿಂದಿನಿಂದ ಬದಲಾಯಿತು ನೋಡಿ, ನನಗೆ ಇವತ್ತಿಗೂ ಆಶ್ಚರ್ಯದ ಸಂಗತಿ ಇದು.

ಈ ಚಪ್ಪಲಿ, ಈ ನಾಯಿ, ಇಂಥದ್ದನ್ನೇ ವಿಮರ್ಶಕರು ಪ್ರತಿಮೆ ಅನ್ನುತ್ತಾರೆ. ನಾವು ಚಿತ್ರ ಅನ್ನೋಣ. ಚಿತ್ರದಿಂದ ಓದುವವನ ಎದೆಯಲ್ಲಿ ಹುಟ್ಟುವ ಗುಂಗು ಒಂದು, ಹೇಳುವವನ ಧಾಟಿ ಇನ್ನೊಂದು. ಎರಡನ್ನೂ ಬೆರೆಸಬಾರದು. ಅದೇ ದೋಣಿಯ ಪಕ್ಕ ‘ಇಲ್ಲಿ ಸೆಲ್ಫಿ ತೆಗೆಯಬಾರದು’ ಅನ್ನೋ ಬೋರ್ಡು ನೆಟ್ಟರೆ ದಂಡೆಯ ಬೇಸರ ಹಾಗೇ ಇರುತ್ತದೆ, ಆದರೆ ಹೇಳುವವನು ತುಟಿ ಕೊಂಕಿಸಿದ್ದು ಕೇಳಿಸುತ್ತದೆ.

ನಮ್ಮ ಜಿಲ್ಲೆಗೆ ಇದು ಹೊಸ ವಿದ್ಯೆ ಏನಲ್ಲ. ಬನವಾಸಿ ಶಿರಸಿ ತಾಲೂಕಿನಲ್ಲೇ ಇದೆ. ಸಾವಿರ ವರ್ಷಕ್ಕೂ ಹಿಂದೆ ಪಂಪ ಈಗಿನ ತೆಲಂಗಾಣದ ವೇಮುಲವಾಡದಲ್ಲಿ, ಅರಿಕೇಸರಿಯ ಆಸ್ಥಾನದಲ್ಲಿದ್ದುಕೊಂಡು ಬರೆದ ಪದ್ಯ ನಿಮಗೆ ಗೊತ್ತೇ ಇದೆ. ಶಾಲೆಯಲ್ಲಿ ಕಂಠಪಾಠ ಮಾಡಿಸಿ ಅದರ ರುಚಿ ಕೆಡಿಸಿದ್ದಾರೆ, ಇರಲಿ. ಅದರಲ್ಲಿ ಪಂಪ ‘ಊರು ಬಿಟ್ಟು ಬಂದು ಬೇಜಾರಾಗಿದೆ’ ಅಂತ ಎಲ್ಲೂ ಹೇಳುವುದಿಲ್ಲ. ತೆಂಕಣ ಗಾಳಿ ಸೋಂಕಿದರೆ, ಒಳ್ಳೆಯ ಮಾತು ಕೇಳಿದರೆ, ಇಂಪಾದ ಹಾಡು ಕಿವಿಗೆ ಬಿದ್ದರೆ, ಬಿರಿದ ಮಲ್ಲಿಗೆ ಕಂಡರೆ ಎನ್ನುತ್ತಾ ಹೋಗುತ್ತಾನೆ. ಗಾಳಿ ಬೀಸಿತು ಅನ್ನುವುದಿಲ್ಲ, ಸೋಂಕಿತು ಅನ್ನುತ್ತಾನೆ. ಬೀಸಿದ ಗಾಳಿ ಊರಿಗೆಲ್ಲ. ಸೋಂಕಿದ ಗಾಳಿ ಒಬ್ಬನ ಮೈಗೆ. ಪಾಪ, ಕೊರೊನಾ ಬಂದ ಮೇಲೆ ಸೋಂಕು ಅಂದ್ರೆ ನಮಗೆಲ್ಲ ಮಾಸ್ಕು ನೆನಪಾಗುತ್ತದೆ. ಪದಗಳಿಗೂ ಹೀಗೆ ರೋಗ ತಗಲುತ್ತದೆ.

ಆಮೇಲೆ ಬರುವುದು ಅಂಕುಶ. ‘ಆರಂಕುಸವಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ.’ ಯಾರು ಅಂಕುಶ ಹಾಕಿ ತಡೆದರೂ ನನ್ನ ಮನಸ್ಸು ಬನವಾಸಿಯನ್ನೇ ನೆನೆಯುತ್ತದೆ. ಅಲ್ಲಿವರೆಗೆ ಗಾಳಿ, ಹಾಡು, ಮಲ್ಲಿಗೆ, ಎಲ್ಲ ಮೆತ್ತಗೆ. ಒಮ್ಮೆಲೇ ಮಾವುತನ ಕೈಯ ಕಬ್ಬಿಣದ ಕೊಕ್ಕೆ! ಆ ಒಂದು ಚಿತ್ರದಿಂದ ಮನಸ್ಸು ಆನೆಯಾಗಿಬಿಟ್ಟಿತು, ಕೊಕ್ಕೆ ಚುಚ್ಚಿದರೂ ಕೇಳದ ಆನೆ. ಹಿಂದಿನ ಮಲ್ಲಿಗೆಯೂ ಈಗ ನೋಯುತ್ತದೆ. ಅಂಕುಶ ಕಿತ್ತು ಹಾಕಿ ಓದಿ ನೋಡಿ, ಪ್ರವಾಸಿಗರಿಗೆ ಹಂಚುವ ಕರಪತ್ರ ಉಳಿಯುತ್ತದೆ.

ಧಾಟಿ ಪೂರಾ ಬೇರೆ ಇರುವ ಒಂದು ಉದಾಹರಣೆ ಬೇಕಾದರೆ ಬಸವಣ್ಣನವರ ಹಾವಿನ ಬಾಯ ಕಪ್ಪೆ. ಹಾವು ಅರ್ಧ ನುಂಗಿದೆ, ಕಪ್ಪೆಗೆ ಹಸಿವು, ಹಾರುವ ನೊಣಕ್ಕೆ ಆಸೆ ಪಡುತ್ತಿದೆ. ಮಳೆಗಾಲದಲ್ಲಿ ತೋಟದ ಕಾಲುವೆ ಬದಿ ಹಾವು ಕಪ್ಪೆ ಹಿಡಿದದ್ದನ್ನು ನೀವೂ ನೋಡಿರಬಹುದು, ಆ ಕೂಗು ಮರೆಯುವಂಥದ್ದಲ್ಲ. ಸಾವಿನ ಚಿತ್ರವೇ ಅದು, ಆದರೆ ನೊಣ ಬಂದ ಕೂಡಲೇ ನಗು ಬರುತ್ತದೆ. ನಕ್ಕ ಮೇಲೆ ಆ ಕಪ್ಪೆ ನಾನೇ ಅಂತ ಗೊತ್ತಾಗಿ ಎದೆ ಝಲ್ಲೆನ್ನುತ್ತದೆ. ಆಸೆ ಬಿಡು ಅಂತ ನೇರ ಬೈದಿದ್ದರೆ ಇಷ್ಟು ತಾಗುತ್ತಿತ್ತಾ?

ಒಂದು ತಪ್ಪು ತಿಳುವಳಿಕೆ ಇದೆ, ಹೇಳಿಬಿಡುತ್ತೇನೆ. ಮಳೆ ಅಂದ್ರೆ ಪ್ರೀತಿ, ಕತ್ತಲೆ ಅಂದ್ರೆ ಭಯ, ಹೂವು ಅಂದ್ರೆ ಸಂತೋಷ ಅಂತ ಪಟ್ಟಿ ಹಿಡಿದುಕೊಂಡು ಬರೆಯುವವರು ಜಾಸ್ತಿ. ಯಾವ ಮಳೆ ಸ್ವಾಮಿ? ಆರಿದ್ರೆ ಮಳೆ ಬೇರೆ, ಸ್ವಾತಿ ಮಳೆ ಬೇರೆ. ಅಡಿಕೆ ಬೆಳೆಗಾರನನ್ನು ಕೇಳಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಲೆಕ್ಕದಲ್ಲಿ ಬೋರ್ಡೋ ಮದ್ದು ಮಾಡಿಕೊಂಡು, ಎರಡನೇ ಸಲ ಹೊಡೆಯಲು ಮಳೆ ಒಂದು ದಿನ ಬಿಡಲಿ ಅಂತ ಜಗಲಿಯಲ್ಲಿ ಕಾಯುತ್ತಾ ಕೂತವನಿಗೆ, ಮಳೆಯ ಸದ್ದಿನ ಜೊತೆಗೇ ಎಳೆ ಅಡಿಕೆ ಉದುರುವ ಸದ್ದು ಕೇಳುತ್ತಿರುತ್ತದೆ. ಕೊಳೆ ರೋಗ. ಅವನ ಕವಿತೆಯಲ್ಲಿ ಮಳೆ ಬಂದರೆ ಅದು ಪ್ರೇಮಗೀತೆ ಆಗುವುದು ಕಷ್ಟ.

ಟಾಗೋರ್ ಬೀಚಿನ ಊರಿನಲ್ಲಿದ್ದು ಟಾಗೋರರ ಮಾತು ಆಡದಿದ್ದರೆ ಹೇಗೆ? 1880ರ ದಶಕದ ಮೊದಲಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು. ಇಪ್ಪತ್ತು ದಾಟಿದ ಹುಡುಗ ರವೀಂದ್ರ ಬಂದು ಉಳಿದದ್ದು ಆಗಲೇ. ಒಂದು ಸಂಜೆ ಕಾಳಿ ನದಿಯಲ್ಲಿ ದೋಣಿ ಹತ್ತಿ ಮೇಲಕ್ಕೆ ಹೋಗಿ, ಬೆಳದಿಂಗಳಲ್ಲಿ ವಾಪಸಾಗಿ, ಮರಳಿನ ಮೇಲೆ ನಡೆದು ಮನೆ ಸೇರಿ, ನಿದ್ದೆ ಬಾರದೆ ಅದೇ ರಾತ್ರಿ ಒಂದು ಕವಿತೆ ಬರೆದರು. ವರ್ಷಗಳು ಕಳೆದ ಮೇಲೆ ತಮ್ಮ ನೆನಪುಗಳಲ್ಲಿ ಅವರೇ ಆ ಕವಿತೆಯನ್ನು ಅನುಮಾನದಿಂದ ನೋಡುತ್ತಾರೆ. ಭಾವ ಉಕ್ಕಿ ಹರಿಯುವಾಗ ಬರೆದದ್ದು ಒಳ್ಳೆಯದಾಗಿಯೇ ಆಗುತ್ತದೆ ಅಂತ ಇಲ್ಲ, ಕಾವ್ಯದ ನಿಜವಾದ ಬಣ್ಣ ಹಚ್ಚುವುದು ನೆನಪಿನ ಕುಂಚ ಅನ್ನುವ ಅರ್ಥದಲ್ಲಿ. ಅದೂ ನಮ್ಮ ಕಾಳಿಯ ಬೆಳದಿಂಗಳ ಬಗ್ಗೆ!

ಇದನ್ನೂ ಹುಡುಗಿಗೆ ಹೇಳಿದೆ. ‘ಹಾಗಾದ್ರೆ ನಾನು ಮುದುಕಿ ಆಗೋವರೆಗೆ ಕಾಯಬೇಕಾ ಮಾವ?’ ಅಂದಳು. ಉತ್ತರ ಹೊಳೆಯಲಿಲ್ಲ. ಬಿಸಿ ಬಿಸಿ ಬನ್ಸ್ ಕೊಡಿಸಿ ಬಸ್ಸು ಹತ್ತಿಸಿದೆ.

ಅವಳ ಅಜ್ಜಿ ಮಳೆಗಾಲದಲ್ಲಿ ದಿನಾ ನಸುಕಿನಲ್ಲಿ, ಮಳೆಗೆ ತಲೆ ಮೇಲಿಂದ ಹೊದೆಯುವ ಕಂಬಳಿಕೊಪ್ಪೆ ಹಾಕಿಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದರು. ಘಟ್ಟದ ಮೇಲಿನ ಮನೆಗಳಲ್ಲಿ ಈ ತಿಂಗಳು ಬಟ್ಟೆ ಒಣಗುವುದಿಲ್ಲ, ಹಾಸಿಗೆ ತಣ್ಣಗೆ, ಉಪ್ಪಿನ ಡಬ್ಬಿಯಲ್ಲೂ ನೀರು. ಇಷ್ಟು ನಿಮಗೆ ಗೊತ್ತಿದ್ದರೆ ಸಾಕು. ನಿನ್ನೆ ರಾತ್ರಿ ಕವಿತೆ ಮತ್ತೆ ಬಂತು. ಸಮುದ್ರ ಇಲ್ಲ, ಆಕಾಶ ಇಲ್ಲ, ಅಡಿಕೆ ಮರವೂ ಇಲ್ಲ. ಎರಡೇ ಸಾಲು. ಅವಳನ್ನು ಕೇಳಿಯೇ ಓದುತ್ತಿದ್ದೇನೆ:

ಆಷಾಢದ ಮನೆಯಲ್ಲಿ ಒಣಗಿರುವುದು ಒಂದೇ,
ಮೊಳೆಯ ಮೇಲಿನ ಅಜ್ಜಿಯ ಕಂಬಳಿಕೊಪ್ಪೆ.

ನಮಸ್ಕಾರ.