ಬ್ಯಾಣಕ್ಕೊಂದು ಹಲಗೆ ಬೇಲಿ

ಕೇಳುಗರಿಗೆಲ್ಲ ನಮಸ್ಕಾರ.

ಬೇಲಿ ಯಾಕೆ ಬೇಕು ಅಂತ ಮಲೆನಾಡಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪಕ್ಕದ ಮನೆಯವರ ಬಾಳೆಗೆ ನಮ್ಮ ಹಸು ಬಾಯಿ ಹಾಕಿದ ದಿನ ಸಂಜೆಯೇ ತಿಳಿದುಹೋಗುತ್ತದೆ. ಇವತ್ತು ನಾನು ಹೇಳಹೊರಟದ್ದು, ದನ ಮೇಯುವ ಬ್ಯಾಣಕ್ಕೆ ಹಲಗೆ ಬೇಲಿ ಕಟ್ಟುವ ಸಂಗತಿ.

ಮೊದಲು ಲೆಕ್ಕ. ಒಂದೆಕರೆ ಚೌಕ ಜಾಗದ ಸುತ್ತಳತೆ ಸುಮಾರು 835 ಅಡಿ. ಮಿಲ್ಲಿನಲ್ಲಿ ಕೊಯ್ಸಿದ 12 ಅಡಿ ಹಲಗೆ, 6 ಅಡಿಗೊಂದು ಗೂಟ ಅಂತಿಟ್ಟುಕೊಳ್ಳಿ. ಹತ್ತಿರ ಹತ್ತಿರ 140 ಗೂಟ, ಮೂರು ಸಾಲಿಗೆ 210 ಹಲಗೆ. ಇಷ್ಟಾದ ಮೇಲೂ ಸುತ್ತ ಹಲಗೆಯೇ ಬೇಕು ಅನ್ನುವವರಿಗೆ ಇನ್ನೊಂದು ನಮಸ್ಕಾರ! ನನ್ನ ಕೇಳಿದರೆ ರಸ್ತೆಯ ಕಡೆ, ತೋಟದ ಕಡೆ ಮಾತ್ರ ಹಲಗೆ ಹೊಡೆಯಿರಿ. ಉಳಿದ ಕಡೆ ಲಕ್ಕಿಯನ್ನೋ ಗ್ಲಿರಿಸಿಡಿಯಾವನ್ನೋ ಒತ್ತಾಗಿ ನೆಟ್ಟರೆ ಸಾಕು. ಸ್ವಂತ ಜಾಗದ ಮರವಾದರೂ ಕಡಿಯುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ.

ಹಲಗೆ ಬೇಲಿ ಸಾಯುವುದು ಹಲಗೆಯಿಂದಲ್ಲ, ಗೂಟದಿಂದ. ಅದೂ ಗೂಟದ ಬುಡದ ತುದಿಯಲ್ಲಲ್ಲ, ನೆಲಮಟ್ಟದಲ್ಲಿ. ಗಾಳಿ, ತೇವ ಎರಡೂ ಸಿಗುವ ಜಾಗ ಅದು. ಹಾಗಾಗಿ ಹೂಳುವ ಎರಡಡಿಯನ್ನಷ್ಟೇ ಸುಟ್ಟರೆ ಸಾಲದು, ಮೇಲೆ ಇನ್ನೊಂದು ಗೇಣಿನಷ್ಟು ಕಪ್ಪಾಗುವವರೆಗೆ ಬೆಂಕಿಗೆ ಹಿಡಿಯಬೇಕು. ಆಮೇಲೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಬಳಿಯಿರಿ. ಕೈಗೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ, ಹುಷಾರು. ಗೂಟದ ತಲೆಯನ್ನು ಓರೆಯಾಗಿ ಕೊಯ್ದರೆ ಮಳೆನೀರು ನಿಲ್ಲುವುದಿಲ್ಲ. ಗುಂಡಿ ತೋಡುವುದಕ್ಕೆ ಮಳೆ ಹಿಂದಾದ ಆಶ್ವೀಜವೇ ಸರಿ. ಬೇಸಿಗೆಯಲ್ಲಿ ಜಂಬಿಟ್ಟಿಗೆ ನೆಲಕ್ಕೆ ಹಾರೆ ಹಾಕಿ ನೋಡಿ, ಕಿಡಿ ಹಾರುತ್ತದೆ.

ಈಗ ನನ್ನ ಪೆದ್ದುತನದ ಕತೆ. ಮೊದಲ ಸಲ ಬೇಲಿ ಹಾಕುವಾಗ ರಸ್ತೆಯಿಂದ ನೋಡುವವರಿಗೆ ಚಂದ ಕಾಣಲಿ ಅಂತ ಹಲಗೆಯನ್ನು ಗೂಟದ ಹೊರಮೈಗೆ ಹೊಡೆಸಿದೆ. ನಮ್ಮ ಎಮ್ಮೆಗೆ ಕುತ್ತಿಗೆ ತುರಿಸಿತು. ಒಳಗಿನಿಂದ ಒರಗಿ ಉಜ್ಜಿತು, ಮೊಳೆ ಸಮೇತ ಹಲಗೆ ಕಳಚಿ ಚರಂಡಿಗೆ ಬಿತ್ತು. ಹಲಗೆ ಇರಬೇಕಾದದ್ದು ದನ ಇರುವ ಮಗ್ಗುಲಿಗೆ. ಆಗ ಅದು ಒರಗಿದಷ್ಟೂ ಹಲಗೆ ಗೂಟಕ್ಕೇ ಒತ್ತಿಕೊಳ್ಳುತ್ತದೆ.

ಒಂದು ಹಲಗೆ ಮೂರು ಗೂಟ ಹಿಡಿಯಬೇಕು. ಮೂರು ಸಾಲಿನ ಕೂಡುಜಾಗವೂ ಒಂದೇ ಗೂಟದ ಮೇಲೆ ಬರಬಾರದು. ಅಕೇಶಿಯಾ ಹಲಗೆ ತುದಿಯಲ್ಲಿ ಸೀಳುತ್ತದೆ; ಮೊಳೆಯ ಮೂತಿಯನ್ನು ಸುತ್ತಿಗೆಯಲ್ಲಿ ತುಸು ಜಜ್ಜಿ ಹೊಡೆಯಿರಿ, ಬಡಗಿಗಳಿಗೆ ಇದು ಗೊತ್ತು. ಕೆಳಗಿನ ಹಲಗೆ ನೆಲಕ್ಕೆ ತಾಗಿದರೆ ಗೆದ್ದಲಿಗೆ ಏಣಿ ಹಾಕಿಕೊಟ್ಟಂತೆ. ಒಂದು ಗೇಣು ಬಿಡಿ. ಅದಕ್ಕಿಂತ ಹೆಚ್ಚು ಬಿಟ್ಟಿರೋ, ನಮ್ಮ ಗಿಡ್ಡ ತಳಿಯ ದನ ಮಲೆನಾಡು ಗಿಡ್ಡದ ಕರು ನುಸುಳಿತು ಅಂತಲೇ ಲೆಕ್ಕ.

ಬಾಗಿಲಿಗೆ ಕಬ್ಬಿಣದ ಗೇಟು ಯಾಕೆ? ಉಣುಗೋಲೇ ಸಾಕು. ಎರಡು ದಪ್ಪ ಕಂಬ, ತೂತುಗಳು, ಸರಿಸುವ ಬಿದಿರ ಗಳಗಳು. ನಮ್ಮಲ್ಲಿ ಮಾತ್ರ ಒಂದು ಹಸು ಮೇಲಿನ ಗಳವನ್ನು ಕೊಂಬಿನಿಂದ ಸರಿಸುವುದನ್ನು ಕಲಿತುಬಿಟ್ಟಿದೆ. ಈಗ ಗಳದ ತುದಿಗೊಂದು ಬೆಣೆ ಹೊಡೆದಿದ್ದೇನೆ. ಅದು ದಿನಾ ಬಂದು ನಿಂತು ಆ ಬೆಣೆಯನ್ನೇ ನೋಡುತ್ತಿರುತ್ತದೆ.

ನಮಸ್ಕಾರ.