ಮನೆ ಆಮೇಲೆ, ಮೊದಲು ಬೀದಿ

ಕೇಳುಗರೆಲ್ಲರಿಗೂ ನಮಸ್ಕಾರ.

ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೊಸ ನಗರಕ್ಕೆ ಹೊರಟವರು ಮನೆ ನೋಡುವ ರೀತಿ ನಿಮಗೆ ಗೊತ್ತೇ ಇದೆ. ಕೋಣೆ ಎಣಿಸುತ್ತಾರೆ, ನಲ್ಲಿ ತಿರುಗಿಸುತ್ತಾರೆ, ಅಡುಗೆಮನೆಯ ಕಪಾಟು ಎಳೆದೆಳೆದು ನೋಡುತ್ತಾರೆ. ಒಳಗೆ ಒಂದು ಗಂಟೆ, ಹೊರಗೆ ಎರಡು ನಿಮಿಷ. ದಯವಿಟ್ಟು ಈ ಲೆಕ್ಕವನ್ನು ತಿರುಗುಮುರುಗು ಮಾಡಿ. ನಾಲ್ಕು ವರ್ಷದ ಮಗುವಿಗೆ ಕಪಾಟಿನಿಂದ ಆಗಬೇಕಾದ್ದು ಏನೂ ಇಲ್ಲ. ನಲ್ಲಿ ಕೆಟ್ಟರೆ ಹೊಸದು ಹಾಕಿಸಬಹುದು, ಗೋಡೆಗೆ ಬಣ್ಣ ಬಳಿಸಬಹುದು. ಬೀದಿಯನ್ನು ಏನು ಮಾಡುತ್ತೀರಿ? ಅದಕ್ಕೇ ಹೇಳುತ್ತಿರುವುದು: ಮನೆ ಆಮೇಲೆ, ಮೊದಲು ಬೀದಿ.

ಬೀದಿ ನೋಡುವುದು ಎಂದರೆ ಕಾರಿನ ಕಿಟಕಿಯಿಂದ ನೋಡುವುದಲ್ಲ. ಮೂರು ವರ್ಷದ ಮಗುವಿನ ಎತ್ತರ ಸುಮಾರು 95 ಸೆಂಟಿಮೀಟರ್. ಫುಟ್‌ಪಾತಿನ ಅಂಚಿನಲ್ಲಿ ಆ ಎತ್ತರಕ್ಕೆ ಬರುವ ಹಾಗೆ ಕುಕ್ಕರಗಾಲಿನಲ್ಲಿ ಕೂತುಕೊಳ್ಳಿ. ಹೋಗಿ ಬರುವವರು ನಕ್ಕರೆ ನಗಲಿ. ನಿಲ್ಲಿಸಿದ ಕಾರಿನ ಬಾನೆಟ್ಟೇ ಅಲ್ಲಿ ಗೋಡೆಯಂತೆ ಅಡ್ಡ ನಿಂತಿರುತ್ತದೆ. ಮಗುವಿಗೆ ರಸ್ತೆ ಕಾಣುವುದಿಲ್ಲ, ಚಾಲಕನಿಗೆ ಮಗು ಕಾಣುವುದಿಲ್ಲ. ಸೈಲೆನ್ಸರಿನ ಹೊಗೆ ನೇರ ಮೂಗಿಗೆ ಬರುತ್ತದೆ. ರಸ್ತೆ ದಾಟುವ ಜಾಗಗಳಲ್ಲಿ ಎರಡೂ ಬದಿಗೆ ಗಾಡಿ ನಿಲ್ಲಿಸುವ ಬೀದಿಯನ್ನು ಅಲ್ಲೇ ಪಟ್ಟಿಯಿಂದ ತೆಗೆದುಹಾಕಿ.

ಇನ್ನು ವೇಗ. ಗಂಟೆಗೆ 30 ಕಿಲೋಮೀಟರ್ ವೇಗದ ಕಾರಿನ ಮುಂದೆ ಮಗು ಓಡಿ ಬಂತು ಎನ್ನಿ. ಚಾಲಕನ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕು, ಅಷ್ಟರಲ್ಲಿ ಕಾರು 8 ಮೀಟರ್ ಮುಂದೆ ಬಂದಿರುತ್ತದೆ. ಬ್ರೇಕ್ ಹಿಡಿದ ಮೇಲೆ ಇನ್ನು 5 ಮೀಟರ್. ಒಟ್ಟು 13 ಮೀಟರಿನಲ್ಲಿ ಗಾಡಿ ನಿಂತಿತು. ಅದೇ ಕಾರು 50ರಲ್ಲಿ ಬಂದರೆ? ಆ ಒಂದು ಸೆಕೆಂಡಿನಲ್ಲೇ 14 ಮೀಟರ್ ಕಳೆಯಿತು. ಮೊದಲ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯ ಕಾರು ಇನ್ನೂ ಬ್ರೇಕನ್ನೇ ಮುಟ್ಟಿಲ್ಲ. ರಸ್ತೆಯಲ್ಲಿ ಉಬ್ಬು ಇದೆಯೇ, ತಿರುವು ಬಿಗಿಯಾಗಿದೆಯೇ, ಅಗಲ ಕಡಿಮೆಯೇ ಎಂದು ನೋಡಬೇಕಾದ್ದು ಇದಕ್ಕೇ. ಬರೀ ಫಲಕ ನೆಟ್ಟರೆ ಯಾರೂ ನಿಧಾನ ಮಾಡುವುದಿಲ್ಲ. ನೇರವಾಗಿ, ಅಗಲವಾಗಿ, ನುಣ್ಣಗಿರುವ ರಸ್ತೆ ಎಲ್ಲರ ಕಾಲನ್ನೂ ಆಕ್ಸಿಲರೇಟರಿಗೆ ಒತ್ತಿಸುತ್ತದೆ. ಬ್ರೋಕರ್ ಅದನ್ನೇ 'ಒಳ್ಳೆ ರೋಡು' ಎಂದು ಹೊಗಳುತ್ತಾನೆ!

ಇಲ್ಲಿ ಒಂದು ಅಧ್ಯಯನದ ಕಥೆ ಹೇಳಲೇಬೇಕು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರ, 1960ರ ದಶಕದ ಕೊನೆ. ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ವಿನ್ಯಾಸದ ಪ್ರಾಧ್ಯಾಪಕ ಅಕ್ಕಪಕ್ಕದ ಮೂರು ಬೀದಿಗಳನ್ನು ಆರಿಸಿಕೊಂಡ. ನೋಡಲು ಮೂರೂ ಹೆಚ್ಚುಕಡಿಮೆ ಒಂದೇ. ಮುಖ್ಯ ವ್ಯತ್ಯಾಸ ವಾಹನಗಳದ್ದು: ಒಂದರಲ್ಲಿ ದಿನಕ್ಕೆ ಸುಮಾರು 2,000, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ 16,000. ಮನೆಮನೆಗೆ ಹೋಗಿ, ಈ ಬೀದಿಯಲ್ಲಿ ನಿಮಗೆ ಸ್ನೇಹಿತರು ಎಷ್ಟು ಮಂದಿ ಎಂದು ಕೇಳಿದರು. ವಾಹನ ಕಡಿಮೆ ಇದ್ದ ಬೀದಿಯಲ್ಲಿ ಒಬ್ಬೊಬ್ಬರಿಗೆ ಸರಾಸರಿ ಮೂವರು, ವಾಹನ ಹೆಚ್ಚಿದ್ದ ಬೀದಿಯಲ್ಲಿ ಒಬ್ಬರೂ ಪೂರ್ತಿ ಇಲ್ಲ, 0.9! ಬರೀ ಮುಖಪರಿಚಯದವರು ಅಲ್ಲಿ ಆರಕ್ಕಿಂತ ಹೆಚ್ಚು, ಇಲ್ಲಿ ಮೂರು. ಆಮೇಲೆ ನಕ್ಷೆ ಕೈಗೆ ಕೊಟ್ಟು, 'ನನ್ನ ಜಾಗ' ಎನಿಸುವಷ್ಟಕ್ಕೆ ಗೆರೆ ಹಾಕಿ ಎಂದರು. ಮೊದಲ ಬೀದಿಯವರು ರಸ್ತೆಯನ್ನೂ ಸೇರಿಸಿ ಇಡೀ ಬೀದಿಗೆ ಗೆರೆ ಹಾಕಿದರು. ಮೂರನೆಯ ಬೀದಿಯವರ ಗೆರೆ ತಮ್ಮ ಕಟ್ಟಡದ ಬಾಗಿಲಿಗೇ ನಿಂತಿತು. ಆ ಬೀದಿಯಲ್ಲಿ ಮಕ್ಕಳಿರುವ ಸಂಸಾರಗಳೇ ಹತ್ತಿರ ಹತ್ತಿರ ಖಾಲಿಯಾಗಿದ್ದವು.

ಮಗುವಿಗೆ ಜ್ವರ ಬಂದ ರಾತ್ರಿ ಇನ್ನೊಂದು ಮಗುವನ್ನು ಯಾರ ಮನೆಯಲ್ಲಿ ಬಿಟ್ಟು ಹೋಗುತ್ತೀರಿ ಎಂಬುದನ್ನು ಈ ಮೂರು ಮತ್ತು 0.9ರ ಅಂತರ ನಿರ್ಧರಿಸುತ್ತದೆ. ಹೊಸ ಊರಿನಲ್ಲಿ ಅಜ್ಜಿ ತಾತ ಪಕ್ಕದಲ್ಲಿರುವುದಿಲ್ಲ. ಇದನ್ನು ಕಂಡುಹಿಡಿದ ಆಪಲ್‌ಯಾರ್ಡ್ 1982ರಲ್ಲಿ ಅಥೆನ್ಸ್ ನಗರದಲ್ಲಿ ಸತ್ತದ್ದು ವೇಗವಾಗಿ ಬಂದ ಕಾರಿಗೆ ಸಿಕ್ಕಿ.

ನಿಮ್ಮ ಬೀದಿ ಈ ಮೂರರಲ್ಲಿ ಯಾವುದು? ಹದಿನೈದು ನಿಮಿಷದಲ್ಲಿ ತಿಳಿಯಬಹುದು. ಕೆಲಸದ ದಿನ, ಅತಿ ಹೆಚ್ಚು ದಟ್ಟಣೆಯ ಹೊತ್ತಿನಲ್ಲಿ ನಿಂತು ಎರಡೂ ದಿಕ್ಕಿನ ವಾಹನ ಎಣಿಸಿ. ನಾಲ್ಕರಿಂದ ಗುಣಿಸಿದರೆ ಒಂದು ಗಂಟೆಯ ಲೆಕ್ಕ, ಅದನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ಇಡೀ ದಿನದ್ದು. ಹದಿನೈದು ನಿಮಿಷಕ್ಕೆ 50 ಬಂದರೆ ಮೊದಲ ಬೀದಿ. 200 ಬಂದರೆ ಯೋಚಿಸಿ. 400 ಬಂದರೆ ಮನೆಯ ಒಳಗೆ ಕಾಲೇ ಇಡಬೇಡಿ, ಒಳಗೆ ಹೋದರೆ ಕಪಾಟು ಇಷ್ಟವಾಗಿಬಿಡುತ್ತದೆ. ಭಾನುವಾರ ಬೆಳಿಗ್ಗೆ ಮಾತ್ರ ಎಣಿಸಬೇಡಿ. ಮನೆ ತೋರಿಸುವವರು ಭಾನುವಾರವನ್ನೇ ಆರಿಸುವುದು ಸುಮ್ಮನೆ ಅಲ್ಲ. ಶಾಲೆ ಶುರುವಾಗುವ ಹೊತ್ತಿಗೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ, ರಾತ್ರಿ ಹತ್ತಕ್ಕೆ ಒಮ್ಮೆ, ಸಾಧ್ಯವಾದರೆ ಜೋರು ಮಳೆ ನಿಂತ ಕೂಡಲೇ ಒಮ್ಮೆ ಹೋಗಿ. ಮಳೆ ಸಿಗದಿದ್ದರೆ ಕಾಂಪೌಂಡ್ ಗೋಡೆಗಳ ಬುಡ ನೋಡಿ. ನೀರು ನಿಂತ ಬೀದಿಯಲ್ಲಿ ಎಲ್ಲ ಗೋಡೆಗೂ ಒಂದೇ ಮಟ್ಟದಲ್ಲಿ ಕಂದು ಗೆರೆ ಉಳಿದಿರುತ್ತದೆ.

ಸಂಜೆ ಐದರ ಭೇಟಿಯಲ್ಲಿ ಕಿವಿ ಕೊಡಿ. ಮಕ್ಕಳ ಕೂಗಾಟ ಕೇಳಬೇಕು. ಗೇಟಿನ ಹೊರಗೆ ಬಿದ್ದಿರುವ ಪುಟ್ಟ ಸೈಕಲ್ಲು, ರಸ್ತೆಯ ಮೇಲೆ ಸೀಮೆಸುಣ್ಣದ ಗೀಟು, ಇವು ಯಾವ ಜಾಹೀರಾತಿಗಿಂತಲೂ ನಂಬಿಗಸ್ತ ಸಾಕ್ಷಿ. ಮಕ್ಕಳಿರುವ ಬೀದಿ ಮೌನವಾಗಿದ್ದರೆ, ಯಾಕೆ ಎಂದು ಅಲ್ಲಿನ ತಾಯಂದಿರನ್ನು ಕೇಳಿ.

ಮುಂದಿನದು ದೂರ. ಮೂರು ನಾಲ್ಕು ವರ್ಷದ ಮಗು ಎತ್ತಿಕೋ ಎನ್ನದೆ ನಡೆಯುವುದು ಅರ್ಧ ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಆ ದೂರದೊಳಗೆ ಆಟದ ಜಾಗ, ದಿನಸಿ ಅಂಗಡಿ, ಔಷಧಿ ಅಂಗಡಿ, ಬಸ್ ಸ್ಟಾಪು ಇವೆಯೇ ನೋಡಿ. ನಕ್ಷೆಯನ್ನು ನಂಬಬೇಡಿ, ಮಗುವನ್ನು ನಡೆಸಿಕೊಂಡೇ ಹೋಗಿ. ನಕ್ಷೆಯಲ್ಲಿ 200 ಮೀಟರ್ ದೂರದ ಪಾರ್ಕು ಆರು ಲೇನ್ ರಸ್ತೆಯ ಆಚೆ ಇದ್ದರೆ ಅದು ನಿಮ್ಮದಲ್ಲ. ಕೈಯಲ್ಲಿ ಮಗುವಿನ ತಳ್ಳುಗಾಡಿ ಇರಲಿ. ಎಷ್ಟು ಕಡೆ ಅದನ್ನು ಎತ್ತಬೇಕಾಯಿತು, ಎಷ್ಟು ಕಡೆ ರಸ್ತೆಗೆ ಇಳಿಸಬೇಕಾಯಿತು ಎಂದು ಬೆರಳಲ್ಲಿ ಎಣಿಸಿ. ಎರಡು ತಳ್ಳುಗಾಡಿ ಎದುರುಬದುರಾಗಿ ದಾಟಲು ಫುಟ್‌ಪಾತ್ 1.8 ಮೀಟರ್ ಅಗಲ ಇರಬೇಕು, ಅದೂ ಕಂಬ, ಬೈಕು ಎಲ್ಲ ಬಿಟ್ಟು.

ಗಡಿಯಾರ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಶಾಲೆಯ ಹೆಸರು ಕೇಳಿ ಮನೆ ಹಿಡಿಯಬೇಡಿ. ಈ ವರ್ಷ ಈ ವಯಸ್ಸಿಗೆ ಸೀಟು ಇದೆಯೇ, ತಮ್ಮನಿಗೂ ತಂಗಿಗೂ ಅಲ್ಲೇ ಸಿಗುತ್ತದೆಯೇ ಎಂದು ಬರಹದಲ್ಲಿ ತಿಳಿದುಕೊಳ್ಳಿ. ಡೇಕೇರ್ ಮುಚ್ಚುವ ಹೊತ್ತಿಗೆ ಆಫೀಸಿನಿಂದ ಅಲ್ಲಿಗೆ ನಿಜಕ್ಕೂ ತಲುಪಬಹುದೇ, ಒಂದು ಸಂಜೆ ಹೋಗಿ ನೋಡಿ. ಪಾರ್ಕಿನಲ್ಲಿ ಬೇಲಿ, ನೆರಳು, ಶೌಚಾಲಯ ಮೂರೂ ಬೇಕು. ಜಾರುಬಂಡೆಯ ಕೆಳಗೆ ಸಿಮೆಂಟ್ ಇದ್ದರೆ ಬೇಡ, ದಪ್ಪ ಮರಳೋ ರಬ್ಬರ್ ಹಾಸೋ ಇರಬೇಕು. ಬಿಸಿಲಿಗೆ ತಿರುಗಿದ ತಗಡಿನ ಜಾರುಬಂಡೆಯನ್ನು, ಮಗುವನ್ನು ಕೂರಿಸುವ ಮೊದಲು, ಕೈಯಿಂದ ಮುಟ್ಟಿ ನೋಡಿ. ಎದುರಿನ ಖಾಲಿ ಜಾಗದಲ್ಲಿ ಏನು ಬರಲಿದೆ ಎಂದು ನಗರಾಡಳಿತದ ಕಚೇರಿಯಲ್ಲಿ ವಿಚಾರಿಸಿ. ಮಕ್ಕಳ ಡಾಕ್ಟರು ರಾತ್ರಿ ಎಲ್ಲಿ ಸಿಗುತ್ತಾರೆ ಎಂಬುದನ್ನು ಬ್ರೋಕರನ್ನು ಕೇಳಬೇಡಿ, ಔಷಧಿ ಅಂಗಡಿಯವರನ್ನು ಕೇಳಿ.

ಇಷ್ಟೂ ಸರಿಬಂದರೆ ಹೋಗಿ ಆ ಕಪಾಟು ನೋಡಿಕೊಂಡು ಬನ್ನಿ. ನಮಸ್ಕಾರ.