ಸಿಕ್ಕಿಕೊಂಡ ಪಿಸ್ತೂಲು ಖಾಲಿ ಪಿಸ್ತೂಲಲ್ಲ

ಕೇಳುಗರಿಗೆ ನಮಸ್ಕಾರ.

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಲೈಸೆನ್ಸ್ ಪಡೆದು ಪಿಸ್ತೂಲು ಇಟ್ಟುಕೊಂಡವರಿಗೆ, ಕಾವಲು ಕೆಲಸದಲ್ಲಿ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ನಿಲ್ಲುವವರಿಗೆ, ರೈಫಲ್ ಕ್ಲಬ್ಬಿನಲ್ಲಿ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಇವತ್ತಿನ ಮಾತು. ಪಿಸ್ತೂಲು ಯಾಕೆ ಸಿಕ್ಕಿಕೊಳ್ಳುತ್ತದೆ, ಸಿಕ್ಕಿಕೊಂಡಾಗ ಕೈ ಏನು ಮಾಡಬೇಕು, ಅದನ್ನೇ ನೋಡೋಣ.

ಕುದುರೆ ಒತ್ತಿದಾಗ ಗುಂಡು ಹಾರಲಿಲ್ಲ ಅನ್ನಿ. ಬಹಳ ಜನ ಆಗ ಪಿಸ್ತೂಲನ್ನು ಮುಖದ ಹತ್ತಿರ ತಂದು, ಅಡ್ಡ ತಿರುಗಿಸಿ, "ಏನಾಗ್ಯಾದ ಇದಕ್ಕ?" ಅಂತ ನೋಡುತ್ತಾರೆ. ಅಡ್ಡ ತಿರುಗಿದ ನಳಿಗೆ ಪಕ್ಕದಲ್ಲಿ ನಿಂತವರ ಹೊಟ್ಟೆಯ ಕಡೆ ಇರುತ್ತದೆ, ಬೆರಳು ಇನ್ನೂ ಕುದುರೆಯ ಮೇಲೇ ಇರುತ್ತದೆ. ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಗೂಡಿನಲ್ಲಿ, ಜೀವಂತ ಕಾಡತೂಸು ಕೂತಿರಬಹುದು. ಸಿಕ್ಕಿಕೊಂಡ ಪಿಸ್ತೂಲು ತುಂಬಿದ ಪಿಸ್ತೂಲಿಗಿಂತ ಹೆಚ್ಚು ಅಪಾಯದ್ದು, ಏಕೆಂದರೆ ಅದರ ಸ್ಥಿತಿ ಏನೆಂದು ಹಿಡಿದವನಿಗೇ ಗೊತ್ತಿರುವುದಿಲ್ಲ. ಹಾಗಾಗಿ ಮೊದಲು ಬೆರಳು ಹೊರಗೆ ಬರಲಿ, ನಳಿಗೆ ಗುರಿಯ ಕಡೆಗೇ ಇರಲಿ. ಉಳಿದದ್ದೆಲ್ಲ ಆಮೇಲೆ.

ಒಂದು ಗುಂಡು ಹಾರಿ ಮುಂದಿನದು ಸಿದ್ಧವಾಗಲು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಕಿಲ್ಲ. ಅಷ್ಟರಲ್ಲಿ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಓಡುವ ಭಾಗ, ಹಿಂದೆ ಸರಿಯಬೇಕು. ಎಕ್ಸ್‌ಟ್ರಾಕ್ಟರ್ ಎಂಬ ಕೊಕ್ಕೆ ಖಾಲಿ ಕೇಸನ್ನು, ಅಂದರೆ ಹಾರಿದ ಕಾಡತೂಸಿನ ಹಿತ್ತಾಳೆ ಕವಚವನ್ನು, ಎಳೆದು ತರಬೇಕು, ಇಜೆಕ್ಟರ್ ಅದನ್ನು ಕಿಂಡಿಯಿಂದ ಆಚೆ ಒದೆಯಬೇಕು, ಹ್ಯಾಮರ್ ಎಂಬ ಪುಟ್ಟ ಸುತ್ತಿಗೆ ಮುಂದಿನ ಹೊಡೆತಕ್ಕೆ ಏರಬೇಕು. ಸ್ಪ್ರಿಂಗ್ ಸ್ಲೈಡನ್ನು ಮುಂದೆ ತಳ್ಳುವಾಗ ಹಿಡಿಯೊಳಗೆ ಕಾಡತೂಸು ತುಂಬಿಡುವ ಡಬ್ಬಿಯಾದ ಮ್ಯಾಗಜೀನಿನ ಮೇಲಿನ ಕಾಡತೂಸು ಚೇಂಬರಿಗೆ ಹೋಗಿ ಕೂರಬೇಕು. ಈ ಸರಪಳಿಯಲ್ಲಿ ಯಾವ ಕೊಂಡಿ ತಪ್ಪಿದರೂ ಪಿಸ್ತೂಲು ನಿಲ್ಲುತ್ತದೆ. ಇಷ್ಟೊಂದು ಕೊಂಡಿಗಳಿರುವ ಯಂತ್ರ ನಂಬಿಕೆಗೆ ಅರ್ಹವೇ ಎಂದು ಕೇಳಿದರೆ, ಹೌದು. 1911ರಲ್ಲಿ ಅಮೆರಿಕದ ಸೇನೆ ಬಂದೂಕು ವಿನ್ಯಾಸಕಾರ ಜಾನ್ ಬ್ರೌನಿಂಗ್ ಅವರ ಪಿಸ್ತೂಲನ್ನು ಪರೀಕ್ಷಿಸಿದಾಗ ಎರಡು ದಿನದಲ್ಲಿ 6,000 ಗುಂಡು ಹೊಡೆದರು, ಕಾದಾಗ ನೀರಿನಲ್ಲಿ ಅದ್ದಿ ಮತ್ತೆ ಹೊಡೆದರು. ಒಮ್ಮೆಯೂ ನಿಲ್ಲಲಿಲ್ಲ. ನೂರು ವರ್ಷದ ಹಿಂದೆಯೇ ಯಂತ್ರ ಅಲ್ಲಿಗೆ ಮುಟ್ಟಿತ್ತು. ಇವತ್ತು ನಿಲ್ಲುವ ಪಿಸ್ತೂಲುಗಳಲ್ಲಿ ಹೆಚ್ಚಿನವು ಮ್ಯಾಗಜೀನು, ಕಾಡತೂಸು, ಧೂಳು ಮತ್ತು ಕೈ ಈ ನಾಲ್ಕರಲ್ಲಿ ಒಂದರಿಂದ ನಿಲ್ಲುತ್ತವೆ.

ನಾಲ್ಕರಲ್ಲಿ ದೊಡ್ಡಪಾಲು ಮ್ಯಾಗಜೀನಿನದು. ಅದರ ಬಾಯಿಯ ಎರಡು ಅಂಚುಗಳು ಕಾಡತೂಸನ್ನು ಹಿಡಿದು, ಸರಿಯಾದ ಕೋನದಲ್ಲಿ, ಸರಿಯಾದ ಹೊತ್ತಿಗೆ ಬಿಡಬೇಕು. ನಮ್ಮ ಮನೆಗಳ ನೆಲ ಶಹಾಬಾದ್ ಕಲ್ಲಿನದು. ತುಂಬಿದ ಮ್ಯಾಗಜೀನು ಎದೆಮಟ್ಟದಿಂದ ಆ ಕಲ್ಲಿನ ಮೇಲೆ ಬಾಯಿ ಕೆಳಗಾಗಿ ಬಿದ್ದರೆ ಅಂಚು ಕೂದಲೆಳೆಯಷ್ಟು ಬಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಆದರೆ ಕಾಡತೂಸು ಮೂಗು ಮೇಲೆತ್ತಿಕೊಂಡೋ ಕೆಳಗೆ ಇಳಿಬಿಟ್ಟುಕೊಂಡೋ ಹೊರಟು ಚೇಂಬರಿನ ಬಾಯಿಗೆ ಬಡಿದು ನಿಲ್ಲುತ್ತದೆ. ಬಾಗಿದ ಅಂಚನ್ನು ಇಕ್ಕಳದಿಂದ ನೆಟ್ಟಗೆ ಮಾಡಲು ಹೋಗಬೇಡಿ, ಬೇರೆ ಮ್ಯಾಗಜೀನು ಕೊಳ್ಳಿ. ನಿಮ್ಮಲ್ಲಿ ಎರಡು ಮೂರು ಮ್ಯಾಗಜೀನು ಇದ್ದರೆ ತಳದಲ್ಲಿ ಬಣ್ಣದಿಂದ 1, 2, 3 ಎಂದು ಬರೆಯಿರಿ. ಯಾವಾಗ ನಿಂತರೂ ಯಾವ ಸಂಖ್ಯೆ ಎಂದು ಗುರುತು ಹಾಕಿ. ಎರಡು ಸಲ ಅದೇ ಸಂಖ್ಯೆ ಬಂತೆಂದರೆ ಕಳ್ಳ ಸಿಕ್ಕ ಹಾಗೆ.

ನಮ್ಮಲ್ಲಿ ಸಾಮಾನ್ಯರಿಗೆ ಲೈಸೆನ್ಸಿನ ಮೇಲೆ ಸಿಗುವ ಪಿಸ್ತೂಲು ಹೆಚ್ಚಾಗಿ ಪಾಯಿಂಟ್ 32 ಬೋರಿನದು. ಇದರ ಕಾಡತೂಸಿಗೆ ಒಂದು ವಿಶೇಷ ಗುಣವಿದೆ. ತಳದ ಅಂಚು ಮೈಗಿಂತ ಸುಮಾರು ಕಾಲು ಮಿಲಿಮೀಟರ್ ಹೊರಗೆ ಚಾಚಿರುತ್ತದೆ. ಮ್ಯಾಗಜೀನು ತುಂಬುವಾಗ ಮೇಲಿನ ಕಾಡತೂಸಿನ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಅಕಸ್ಮಾತ್ ಹಿಂದೆ ಕೂತರೆ, ಸ್ಲೈಡ್ ಮೇಲಿನದನ್ನು ತಳ್ಳಿದಾಗ ಅದು ಕೆಳಗಿನದಕ್ಕೆ ಕೊಂಡಿಹಾಕಿಕೊಂಡು ನಿಂತುಬಿಡುತ್ತದೆ. ಇದನ್ನು ರಿಮ್ ಲಾಕ್ ಅನ್ನುತ್ತಾರೆ. ತಟ್ಟಿದರೆ ಬಿಡುವ ಜಾತಿಯದಲ್ಲ ಇದು. ಮ್ಯಾಗಜೀನು ತೆಗೆದು, ಮೇಲಿನ ಕಾಡತೂಸಿನ ಮೂಗನ್ನು ಒತ್ತಿ, ಒಂದೊಂದಾಗಿ ಬಿಡಿಸಬೇಕು. ತುಂಬುವಾಗಲೇ ಒಂದೊಂದನ್ನೂ ಹಿಂಗೋಡೆಗೆ ತಾಗುವವರೆಗೆ ತಳ್ಳಿ, ಪಕ್ಕದ ರಂಧ್ರಗಳಿಂದ ಸಾಲು ನೋಡುವ ರೂಢಿಯಿದ್ದರೆ ಈ ತಾಪತ್ರಯ ಬಹಳ ಕಡಿಮೆಯಾಗುತ್ತದೆ.

ತುಂಬಿಟ್ಟ ಮ್ಯಾಗಜೀನಿನ ಸ್ಪ್ರಿಂಗ್ ಸತ್ತುಹೋಗುತ್ತದೆ ಎಂಬ ಭಯ ಬೇಡ. ಒಳ್ಳೆಯ ಸ್ಪ್ರಿಂಗ್ ಒತ್ತಿ ಹಿಡಿದದ್ದರಿಂದ ದಣಿಯುವುದಿಲ್ಲ, ಮತ್ತೆ ಮತ್ತೆ ಒತ್ತಿ ಬಿಡುವುದರಿಂದ ದಣಿಯುತ್ತದೆ.

ಕಾಡತೂಸಿನ ವಿಷಯದಲ್ಲಿ ಕಾವಲುಗಾರರು ಗಮನವಿಟ್ಟು ಕೇಳಬೇಕು. ಪಾಳಿ ಶುರುವಾದಾಗ ಚೇಂಬರಿಗೆ ಏರಿಸುವುದು, ಮುಗಿದಾಗ ಇಳಿಸುವುದು, ಇಳಿಸಿದ ಅದೇ ಕಾಡತೂಸನ್ನು ಮತ್ತೆ ಮ್ಯಾಗಜೀನಿನ ಮೇಲೇ ಇಡುವುದು. ಹೀಗೆ ತಿಂಗಳುಗಟ್ಟಲೆ ಒಂದೇ ಕಾಡತೂಸು ಚೇಂಬರಿನ ಬಾಯಿಗೆ ಬಡಿಯುತ್ತಾ ಹೋದರೆ ಗುಂಡು ಕೇಸಿನ ಒಳಕ್ಕೆ ಸರಿಯುತ್ತದೆ. ಒಳಗಿನ ಜಾಗ ಕಿರಿದಾದರೆ ಹೊಡೆದಾಗ ಒತ್ತಡ ಏರುತ್ತದೆ, ಕೇಸೇ ಸೀಳಬಹುದು. ಪಾಯಿಂಟ್ 32ರ ಕಾಡತೂಸಿನ ಪೂರ್ತಿ ಉದ್ದ ಹೆಚ್ಚೆಂದರೆ 25 ಮಿಲಿಮೀಟರ್. ಅಳೆಯುವ ಸಾಧನ ಬೇಕಿಲ್ಲ. ಮೇಲಿನದನ್ನೂ ಅದೇ ತಯಾರಿಕೆಯ ಹೊಸದೊಂದನ್ನೂ ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ, ಬೆರಳಿನಿಂದ ತಲೆ ಸವರಿ. ಒಂದು ತಗ್ಗಿದ್ದರೆ ಬೆರಳಿಗೆ ತಿಳಿಯುತ್ತದೆ. ತಗ್ಗಿದ್ದನ್ನು ಬೇರೆಯಿಟ್ಟು ಡೀಲರಿಗೆ ಒಪ್ಪಿಸಿ.

ನಮ್ಮ ಮನೆಗಳಲ್ಲಿ ಹತ್ತು ಹದಿನೈದು ವರ್ಷದ ಹಳೆಯ ಕಾಡತೂಸುಗಳು ಟ್ರಂಕಿನಲ್ಲಿ ಇರುವುದುಂಟು. ಹಿತ್ತಾಳೆಯ ಮೇಲೆ ಹಸಿರು ಕಿಲುಬು ಹಿಡಿದಿದ್ದರೆ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳಪು ಮಾಡುವ ಕೆಲಸ ಬೇಡ. ಕಿಲುಬು ಹೋದರೂ ಒಳಗಿನ ಮದ್ದು ಹೊಸದಾಗುವುದಿಲ್ಲ. ಮೇ ತಿಂಗಳಲ್ಲಿ ಮುಚ್ಚಿದ ಕಾರಿನಲ್ಲಿ ಬಿಟ್ಟ ಕಾಡತೂಸು ತಾನಾಗಿ ಸಿಡಿಯುವುದಿಲ್ಲ, ಆದರೆ ಅಂಥ ಕಾವು ಮದ್ದಿನ ಆಯುಷ್ಯ ತಿನ್ನುತ್ತದೆ. ಆಯುಧವನ್ನು ಕಾರಿನಲ್ಲಿ ಬಿಟ್ಟುಹೋಗುವುದಂತೂ ಯಾವ ಕಾಲಕ್ಕೂ ತಪ್ಪು.

ಇನ್ನು ಧೂಳು ಮತ್ತು ಎಣ್ಣೆ. ಸೇಡಂ, ವಾಡಿ, ಶಹಾಬಾದ್ ಸುತ್ತ ಸುಣ್ಣಕಲ್ಲಿನ ಧೂಳು, ಸಿಮೆಂಟಿನ ಧೂಳು. ತೊಗರಿ ರಾಶಿಯ ಕಾಲಕ್ಕೆ ಹೊಟ್ಟಿನ ಪುಡಿ. ಎಣ್ಣೆ ಸುರಿದ ಪಿಸ್ತೂಲು ಇದನ್ನೆಲ್ಲ ಹೀರಿಕೊಂಡು ಒಳಗೆ ಮರಳುಕಾಗದದಂಥ ಕೆಸರು ಮಾಡಿಕೊಳ್ಳುತ್ತದೆ. "ಎಣ್ಣಿ ಜಾಸ್ತಿ ಹಾಕಿದ್ರ ಛಲೋ ಓಡ್ತದ" ಅನ್ನುವ ಮಾತು ಬಂಡಿಯ ಕೀಲಿಗೆ ಸರಿ, ಪಿಸ್ತೂಲಿಗೆ ಅಲ್ಲ. ಒಟ್ಟು ಮೂರು ನಾಲ್ಕು ಹನಿ ಸಾಕು. ಸ್ಲೈಡ್ ಓಡುವ ಎರಡೂ ಹಳಿಗಳಿಗೆ ಒಂದೊಂದು ಹನಿ, ನಳಿಗೆಯ ಹೊರಮೈ ಸ್ಲೈಡಿಗೆ ಉಜ್ಜುವಲ್ಲಿ ಒಂದೆರಡು. ಕಾಡತೂಸಿನ ತಳಕ್ಕೆ ಕುಟ್ಟುವ ಸೂಜಿಯಾದ ಫೈರಿಂಗ್ ಪಿನ್ನಿನ ಗೂಡು, ಮ್ಯಾಗಜೀನಿನ ಒಳಭಾಗ, ಚೇಂಬರು ಇವು ಒಣಗಿಯೇ ಇರಬೇಕು. ಅಲ್ಲಿ ಎಣ್ಣೆ ಇದ್ದರೆ ಕಾಡತೂಸಿನ ತಳದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರಿಗೆ ಇಳಿದು ಅದನ್ನು ಮಂದ ಮಾಡಬಹುದು.

ಅಡುಗೆಮನೆಯ ಎಣ್ಣೆ ಮುಟ್ಟಲೇಬೇಡಿ. ನಮ್ಮ ಕುಸುಬಿ ಎಣ್ಣೆ ಗಾಳಿಗೆ ಒಣಗಿ ಪೊರೆ ಕಟ್ಟುವ ಜಾತಿಯದು. ಬಣ್ಣ, ವಾರ್ನಿಷ್ ತಯಾರಿಕೆಗೆ ಅದನ್ನು ಬಳಸುವುದು ಈ ಗುಣಕ್ಕಾಗಿಯೇ. ಹಚ್ಚಿದ ದಿನ ಸ್ಲೈಡ್ ಬೆಣ್ಣೆಯಂತೆ ಜಾರುತ್ತದೆ, ಕೆಲವು ವಾರಕ್ಕೆ ಅಂಟುಗಟ್ಟಿ ಅರ್ಧಕ್ಕೆ ನಿಲ್ಲುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬೀದರಿನ ಡಿಸೆಂಬರ್ ಬೆಳಗಿನಲ್ಲಿ ಅದು ಮೇಣದ ಹಾಗೆ ಕೂತಿರುತ್ತದೆ. ಗನ್ ಆಯಿಲ್ ಎಂದೇ ಮಾರುವ ತೆಳು ಎಣ್ಣೆ ತನ್ನಿ.

ಚೊಕ್ಕ ಮಾಡಲು ಕೂರುವ ಮೊದಲು ಮ್ಯಾಗಜೀನು ತೆಗೆಯಿರಿ, ಸ್ಲೈಡ್ ಎಳೆದು ಹಿಡಿಯಿರಿ, ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿಯೂ ಖಾತ್ರಿ ಮಾಡಿಕೊಳ್ಳಿ. ಕಾಡತೂಸುಗಳು ಬೇರೆ ಕೋಣೆಯಲ್ಲಿರಲಿ. ನಳಿಗೆಯನ್ನು ಬ್ರಷ್ಷಿನಿಂದ ಚೇಂಬರಿನ ಕಡೆಯಿಂದಲೇ ಉಜ್ಜಿ. ಆಮೇಲೆ ಹಳೆಯ ಧೋತರದ ತುಂಡುಗಳನ್ನು ಒಂದೊಂದಾಗಿ ಎಳೆಯಿರಿ, ತುಂಡು ಬೆಳ್ಳಗೆ ಬರುವವರೆಗೆ. ಎಕ್ಸ್‌ಟ್ರಾಕ್ಟರ್ ಕೊಕ್ಕೆಯ ಕೆಳಗೆ ಮಸಿ ಗಟ್ಟಿಯಾಗಿ ಕೂರುತ್ತದೆ, ಬಿದಿರಿನ ಕಡ್ಡಿಯ ತುದಿಯಿಂದ ಕೆದರಿ. ಬಿಚ್ಚಿದ ಸ್ಲೈಡಿನ ಕೊಕ್ಕೆಗೆ ಮದ್ದಿಲ್ಲದ ಡಮ್ಮಿ ಕಾಡತೂಸನ್ನು ಸಿಗಿಸಿ ಮೆಲ್ಲಗೆ ಅಲ್ಲಾಡಿಸಿ. ತಟ್ಟನೆ ಬಿದ್ದರೆ ಕೊಕ್ಕೆ ಸವೆದಿದೆ ಅಥವಾ ಅದರ ಸ್ಪ್ರಿಂಗ್ ಸಡಿಲವಾಗಿದೆ ಎಂಬ ಅನುಮಾನ ಮೊದಲು ಬರಬೇಕು.

ಕೈಯ ತಪ್ಪು ಎರಡು ಥರ. ಮಣಿಕಟ್ಟು ಸಡಿಲವಾಗಿದ್ದರೆ ಸ್ಲೈಡಿನ ಜೊತೆ ಇಡೀ ಪಿಸ್ತೂಲೇ ಹಿಂದೆ ಹೋಗಿ, ಸ್ಲೈಡ್ ಪೂರ್ತಿ ದೂರ ಓಡುವುದಿಲ್ಲ, ಖಾಲಿ ಕೇಸ್ ಕಿಂಡಿಯಲ್ಲೇ ನೆಟ್ಟಗೆ ಸಿಕ್ಕಿಕೊಳ್ಳುತ್ತದೆ. ಮೊದಲ ಕಾಡತೂಸು ಏರಿಸುವಾಗ ಸ್ಲೈಡನ್ನು ಕೈಯಲ್ಲಿ ಹಿಡಿದು ನಾಜೂಕಾಗಿ ಮುಂದೆ ಬಿಟ್ಟರೆ ಅದು ಪೂರ್ತಿ ಮುಚ್ಚುವುದಿಲ್ಲ. ಕೊನೆವರೆಗೆ ಎಳೆದು, ಒಮ್ಮೆಲೇ ಬಿಟ್ಟುಬಿಡಬೇಕು.

ಈಗ ನಿಂತಾಗ ಮಾಡುವ ಕೆಲಸ. ರೇಂಜಿನಲ್ಲಿ, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗದಲ್ಲಿ, ಕುದುರೆ ಒತ್ತಿದಾಗ ಬರೀ 'ಟಿಕ್' ಎಂದರೆ, ನಳಿಗೆ ಗುರಿಯ ಕಡೆಗೇ ಹಿಡಿದು 30 ಸೆಕೆಂಡು ಕಾಯಿರಿ. ಪ್ರೈಮರ್ ತಡವಾಗಿ ಹೊತ್ತಿಕೊಳ್ಳುವುದುಂಟು. ಆಮೇಲೆ ಮ್ಯಾಗಜೀನು ತೆಗೆದು, ಸ್ಲೈಡ್ ಎಳೆದು ಕಾಡತೂಸನ್ನು ಹೊರಹಾಕಿ, ಅದರ ತಳ ನೋಡಿ. ಅಲ್ಲಿ ಪಿನ್ ಕುಟ್ಟಿದ ಚುಕ್ಕೆ ಆಳವಾಗಿದ್ದರೆ ದೋಷ ಕಾಡತೂಸಿನದು. ತೆಳ್ಳಗಿದ್ದರೆ ಪಿನ್ನಿನ ಗೂಡಿನಲ್ಲಿ ಕೊಳೆ, ದುರ್ಬಲ ಸ್ಪ್ರಿಂಗ್, ಇಲ್ಲವೇ ಸ್ಲೈಡ್ ಪೂರ್ತಿ ಮುಚ್ಚಿರಲಿಲ್ಲ. ಚುಕ್ಕೆಯೇ ಇಲ್ಲದಿದ್ದರೆ ಪಿನ್ ಮುರಿದಿರಬಹುದು. ಆ ಸಣ್ಣ ಚುಕ್ಕೆಯಷ್ಟು ಖಚಿತವಾಗಿ ಹೇಳುವ ಸಾಕ್ಷಿ ಇನ್ನೊಂದಿಲ್ಲ.

ಹಿಂದಿನ ಖಾಲಿ ಕೇಸ್ ಚೇಂಬರಿನಲ್ಲೇ ಉಳಿದು, ಹೊಸ ಕಾಡತೂಸು ಅದರ ಬೆನ್ನಿಗೆ ಗುದ್ದಿ ನಿಂತಿದ್ದರೆ ಜಗ್ಗಾಡಬೇಡಿ. ಸ್ಲೈಡನ್ನು ಹಿಂದಕ್ಕೆ ಎಳೆದು ಲಾಕ್ ಮಾಡಿ, ಮ್ಯಾಗಜೀನು ಕಿತ್ತು ತೆಗೆಯಿರಿ, ಸ್ಲೈಡನ್ನು ಮೂರು ಸಲ ಎಳೆದು ಬಿಡಿ, ಚೇಂಬರ್ ನೋಡಿ.

ಒಂದು ಸದ್ದನ್ನು ಮಾತ್ರ ಕಿವಿ ಎಂದೂ ಮರೆಯಬಾರದು. 'ಢಂ' ಎನ್ನಬೇಕಾದದ್ದು 'ಫುಸ್' ಎಂದಿತು, ಕೈಗೆ ಒದೆತವೇ ತಟ್ಟಲಿಲ್ಲ ಎಂದರೆ ಅಲ್ಲಿಗೇ ನಿಲ್ಲಿಸಿ. ಮದ್ದು ಸಾಲದೆ ಗುಂಡು ನಳಿಗೆಯ ನಡುವೆ ಕೂತಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ, ಸೀಳುತ್ತದೆ, ಕೈ ಹೋಗುತ್ತದೆ. ಪೂರ್ತಿ ಖಾಲಿ ಮಾಡಿ, ಬಿಚ್ಚಿ, ಚೇಂಬರಿನ ಕಡೆಯಿಂದ ಬೆಳಕು ಹಾಯಿಸಿ ನೋಡಿ. ಬೆಳಕು ಆಚೆ ಕಾಣದಿದ್ದರೆ ಕಬ್ಬಿಣದ ಸರಳು ಹಾಕಿ ಬಡಿಯುವ ಸಾಹಸ ಬೇಡ, ಬಲ್ಲವರ ಕೈಗೆ ಕೊಡಿ. ಬಲ್ಲವರು ಎಂದರೆ ಲೈಸೆನ್ಸ್ ಇರುವ ರಿಪೇರಿಗಾರರು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 5ರಂತೆ ಬಂದೂಕು ರಿಪೇರಿಯ ವ್ಯವಹಾರಕ್ಕೂ ಲೈಸೆನ್ಸ್ ಬೇಕು. ಲೇತ್ ಅಂಗಡಿಯವರು ಎಷ್ಟೇ ಕುಶಲಿಗಳಿದ್ದರೂ ಅವರ ಹತ್ತಿರ ಒಯ್ಯುವಂತಿಲ್ಲ. ರಿಪೇರಿಯಾದ ಮೇಲೆ "ಹೊಲದಾಗ ಎರಡು ಹೊಡೆದು ನೋಡ್ತೀನಿ" ಎನ್ನುವುದೂ ಸಲ್ಲ. ಪರೀಕ್ಷೆ ರೇಂಜಿನಲ್ಲೇ ಆಗಬೇಕು.

ಕೊನೆಯದಾಗಿ ಚುನಾವಣೆಯ ಕಾಲ. ಆಯುಧವನ್ನು ಠೇವಣಿ ಇಡುವ ಆದೇಶ ಬಂದರೆ ಪಿಸ್ತೂಲು ವಾರಗಟ್ಟಲೆ ಠಾಣೆಯಲ್ಲೋ ಡೀಲರ್ ಹತ್ತಿರವೋ ಇರುತ್ತದೆ. ಬೆವರು ಮೆತ್ತಿದ್ದನ್ನು ಚರ್ಮದ ಚೀಲದಲ್ಲೇ ಕೊಟ್ಟುಬರಬೇಡಿ. ಚರ್ಮ ತೇವ ಹಿಡಿದಿಡುತ್ತದೆ, ತುಕ್ಕು ಅಲ್ಲಿಂದಲೇ ಶುರು. ಖಾಲಿ ಮಾಡಿ, ಒರೆಸಿ, ನಳಿಗೆಯ ಒಳಗೂ ಹೊರಗೂ ತೆಳುವಾಗಿ ಗನ್ ಆಯಿಲ್ ಹಚ್ಚಿ, ಒಣ ಬಟ್ಟೆಯಲ್ಲಿ ಸುತ್ತಿ ಕೊಡಿ, ರಸೀದಿ ಪಡೆಯಿರಿ. ವಾಪಸ್ ಬಂದ ದಿನ ಕಾಡತೂಸು ತುಂಬುವ ಮೊದಲು ನಳಿಗೆಯಲ್ಲಿ ಒಣ ಬಟ್ಟೆ ಎಳೆದು ಆ ಎಣ್ಣೆಯನ್ನೆಲ್ಲ ತೆಗೆಯಿರಿ, ಬೆಳಕಿಗೆ ಹಿಡಿದು ಒಳಗಿನ ಗೆರೆಗಳು ಕೊನೆಯವರೆಗೂ ಸ್ವಚ್ಛವಾಗಿ ಕಾಣುತ್ತವೆಯೇ ನೋಡಿ. ಡಮ್ಮಿ ಕಾಡತೂಸುಗಳನ್ನು ತುಂಬಿ, ಸ್ಲೈಡನ್ನು ಹತ್ತು ಸಲ ಎಳೆದು ಬಿಟ್ಟು, ಹತ್ತೂ ಸಲ ಏರಿ ಹೊರಬಿದ್ದವೇ ಎಂದು ಎಣಿಸಿ. ನಮಸ್ಕಾರ.